ಕೊಟ್ಟಿಗೆಯ ನೀಲಿ ನೀರು

ನೀಲಿ ನೀರು ಮೊದಲು ಹಸಿರಾಯಿತು, ಆಮೇಲೆ ಹಳದಿ. ಗಾಜಿನ ನಳಿಕೆಯನ್ನು ಇಕ್ಕಳದಲ್ಲಿ ಹಿಡಿದು ಸ್ಪಿರಿಟ್ ದೀಪದ ಮೇಲೆ ಆಡಿಸುತ್ತಿದ್ದ ಭಾಗೀರಥಿ, ಇಷ್ಟಕ್ಕೇ ನಿಲ್ಲಲಿ ಎಂದುಕೊಂಡಳು. ನಿಲ್ಲಲಿಲ್ಲ. ತಳದಿಂದ ಇಟ್ಟಿಗೆಯ ಕೆಂಪು ಎದ್ದುಬಂದು ನಳಿಕೆಯನ್ನೆಲ್ಲ ತುಂಬಿತು.

ಇವತ್ತೂ ಮೂತ್ರದಲ್ಲಿ ಸಕ್ಕರೆ ಬಹಳ ಇತ್ತು.

ಕೊಟ್ಟಿಗೆಯಲ್ಲಿ ಹಸುವೊಂದನ್ನು ಬಿಟ್ಟರೆ ಯಾರೂ ಇರಲಿಲ್ಲ. ಅದು ಮೆಲುಕು ಹಾಕುತ್ತ ಅವಳ ಕಡೆ ನೋಡಿ, ಮತ್ತೆ ಗೋಡೆಯ ಕಡೆ ತಿರುಗಿತು. ಭಾಗೀರಥಿ ನಳಿಕೆಯನ್ನು ತಿಪ್ಪೆಯ ಅಂಚಿಗೆ ಬಗ್ಗಿಸಿ ತೊಳೆದಳು.

ಎರಡು ಹೆರಿಗೆಯಾಗಿತ್ತು ಅವಳಿಗೆ. ಎರಡೂ ಕೂಸು ದುಂಡಗೆ, ತುಂಬಿದ ಕೆನ್ನೆಯವು. ಎರಡೂ ಅಳಲಿಲ್ಲ. ಎರಡನೆಯದನ್ನು ಕಳೆದುಕೊಂಡ ಮೇಲೆ ಮೈಯಿಳಿದು, ಎಷ್ಟು ನೀರು ಕುಡಿದರೂ ದಾಹ ಹೋಗದೆ, ರಾಯಚೂರಿನ ದವಾಖಾನೆಗೆ ಹೋದಾಗ ಸಕ್ಕರೆ ಬ್ಯಾನಿ ಎಂದು ಗೊತ್ತಾಯಿತು. ಮೂರನೆಯ ಬಸಿರು ನಿಂತಾಗ ಅಲ್ಲಿಯ ಡಾಕ್ಟರಮ್ಮ ದಿನಾ ಚುಚ್ಚಿಕೊಳ್ಳಬೇಕಾದ ಔಷಧಿ, ಮೂತ್ರ ಬೆರೆಸಿ ಕುದಿಸುವ ನೀಲಿ ನೀರಿನ ಸೀಸೆ, ದೀಪ ಎಲ್ಲ ಕೊಟ್ಟು ಕಲಿಸಿದ್ದರು. ಸಿಹಿ ಬ್ಯಾಡ, ಅನ್ನ ಬ್ಯಾಡ, ಒಂಬತ್ತನೆಯ ತಿಂಗಳು ಬೀಳುತ್ತಲೇ ಇಲ್ಲಿಗೆ ಬಾ. ಬಣ್ಣ ನೀಲಿಯಾಗಿಯೇ ಉಳಿದರೆ ಕೂಸು ಉಳಿಯುತ್ತದೆ. "ಇದನ್ನ ಮಾಡೋರು ಬ್ಯಾರೆ ಯಾರೂ ಇಲ್ಲವ್ವಾ, ನೀನ ಮಾಡಬೇಕು," ಎಂದಿದ್ದರು.

ಬೇರೆ ಯಾರೂ ಇರಲಿಲ್ಲ ಎಂಬುದು ನಿಜವೇ. ಗಂಡ ಹನುಮಂತ ದೇವದುರ್ಗದ ಶಾಲೆಯಲ್ಲಿ ಮಾಸ್ತರ. ರಜೆ ಸಿಕ್ಕಾಗ ಮಾನವಿ ಊರಿನ ಮನೆಗೆ ಬರುತ್ತಿದ್ದ. ಔಷಧಿಯ ಸೀಸೆಯನ್ನು ತಂದು, ತಂಪಿಗೆಂದು ಒದ್ದೆ ಮರಳು ತುಂಬಿದ ಮಡಕೆಯಲ್ಲಿ ಹುಗಿದಿಟ್ಟು, "ಹುಷಾರು" ಎಂದಷ್ಟೇ ಹೇಳಿ ಹೋಗುತ್ತಿದ್ದ. ಮನೆಯಲ್ಲಿದ್ದವರು ಅತ್ತೆ ವೆಂಕೂಬಾಯಿ. ಎಳೆಯ ವಯಸ್ಸಿಗೇ ಗಂಡ ಸತ್ತು, ತಲೆ ಬೋಳಿಸಿಕೊಂಡು, ಕೆಂಪು ಸೀರೆಯುಟ್ಟು ಒಪ್ಪತ್ತು ಉಣ್ಣುವ ಮಡಿ ಹೆಂಗಸು.

"ಅದನ್ನ ಕುದಿಸೂದು ದೇವರಿದ್ದ ಮನ್ಯಾಗ ಬ್ಯಾಡವಾ," ಎಂದು ಮೊದಲ ದಿನವೇ ಹೇಳಿದ್ದರು. ಅದಕ್ಕೇ ಕೊಟ್ಟಿಗೆ. ಮೊದಲ ದಿನಗಳಲ್ಲಿ ಸೂಜಿ ಹಿಡಿದ ಕೈ ತೊಡೆಯ ತನಕ ಹೋಗಿ ನಿಲ್ಲುತ್ತಿತ್ತು. ಒಮ್ಮೆ ಹುಲ್ಲಿನಲ್ಲಿ ಬಿದ್ದ ಸೂಜಿಯನ್ನು ಹುಡುಕಿ, ತೊಳೆದು, ಕುದಿಸಿ, ಮತ್ತೆ ಕೂತಿದ್ದಳು. ಈಗ ಕಣ್ಣು ಮುಚ್ಚಿ ಒಂದೇ ಸಲಕ್ಕೆ ಚುಚ್ಚಿಕೊಳ್ಳುತ್ತಿದ್ದಳು.

ಏಳು ತಿಂಗಳು ತುಂಬಿದಾಗ ಓಣಿಯ ಹೆಂಗಸರು ಬಯಕೆಯ ಬುತ್ತಿ ತಂದರು. ಮೊದಲಿನ ಎರಡು ಕೂಸು ಹೋದದ್ದು ಬಸುರಿಯ ಬಯಕೆ ತೀರದ್ದಕ್ಕೇ ಎಂದು ಅವರೆಲ್ಲ ನಂಬಿದ್ದರು. ಈ ಸಲ ತಪ್ಪಬಾರದೆಂದು ಪ್ರತಿಮನೆಯಿಂದಲೂ ಡಬ್ಬಿ ಬಂತು. ಕರಜೀಕಾಯಿ, ಮಾದಲಿ, ಬೇಸನ್ ಉಂಡಿ. ಯುದ್ಧದ ದಿನಗಳು, ಸಕ್ಕರೆ ಕಣ್ಣಿಗೆ ಬೀಳುವುದೇ ಅಪರೂಪ.

ಪಕ್ಕದ ಮನೆಯ ತುಂಗಕ್ಕ ಉಂಡಿಯನ್ನು ಬಾಯಿಗೇ ಹಿಡಿದಳು. "ಬಾಯಿ ತೆಗಿ ಭಾಗೂ. ರೇಷನ್ ಸಕ್ಕರಿ ಎಲ್ಲಾ ಕೂಡಿಹಾಕಿ ಮಾಡೀನಿ. ನಮ್ಮನಿಯವರಿಗೆ ತಿಂಗಳಾನಗಟ್ಲೆ ಸಪ್ಪನ ಚಹಾ ಕುಡಿಸೀನಿ."

"ಅದಕ್ಕ ನಿಮ್ಮನಿಯವರ ಮಾರಿ ಹಂಗಾಗ್ಯದೇನು!" ಹಿಂದಿನಿಂದ ಜಾನಕ್ಕ ಅಂದಳು. ಎಲ್ಲರೂ ನಕ್ಕರು. ಭಾಗೀರಥಿಯೂ ನಕ್ಕಳು. ಆ ನಗುವಿನಲ್ಲಿ ಬಾಯಿ ತೆರೆದುಬಿಡುವುದು ಎಷ್ಟು ಸುಲಭವಿತ್ತು.

"ಬ್ಯಾಡ ತುಂಗಕ್ಕ," ಎಂದಳು. "ನನಗ ಸಕ್ಕರಿ ಬ್ಯಾನಿ ಅದ."

"ಹೋಗಾ! ಅದು ಕುಂತು ಉಣ್ಣೋ ಮುದಿ ದೇಸಾಯರಿಗೆ ಬರೂದು. ನಿನಗ್ಯಾಕ ಬರ್ತದ?"

"ಬಂದದ."

"ಒಂದ ಒಂದು ತುತ್ತು. ನನ್ನ ಸಲುವಾಗಿ."

ಅವಳು ತುಟಿ ಬಿಗಿದು ತಲೆ ಅಲ್ಲಾಡಿಸಿದಳು. ತುಂಗಕ್ಕನ ಕೈ ಸ್ವಲ್ಪ ಹೊತ್ತು ಹಾಗೆಯೇ ಗಾಳಿಯಲ್ಲಿತ್ತು.

"ಎರಡು ಹೋದ ಮ್ಯಾಲೂ ಈಕಿಗೆ ಬುದ್ಧಿ ಬಂದಿಲ್ಲ ನೋಡ್ರಿ," ಎಂದು ಯಾರೋ ಅಂದರು. ಒಳಮನೆಯ ಬಾಗಿಲ ಮರೆಯಲ್ಲಿ ವೆಂಕೂಬಾಯಿ ನಿಂತಿದ್ದರು. ವಿಧವೆ ಇಂಥ ಕಾರ್ಯದ ನಡುವೆ ಬರುವಂತಿಲ್ಲ.

ಆಮೇಲೆ ಯಾರೂ ಬರಲಿಲ್ಲ. ಬಾವಿಯ ಹತ್ತಿರ ಅವಳು ಹೋದರೆ ಮಾತು ನಿಲ್ಲುತ್ತಿತ್ತು. ಗೋಡೆಯಾಚೆ ತುಂಗಕ್ಕನ ಬಳೆ ಸದ್ದು ಕೇಳುತ್ತಿತ್ತು, ಕರೆಯುವ ದನಿ ಮಾತ್ರ ಇರಲಿಲ್ಲ. ಇಷ್ಟೆಲ್ಲ ಕಳೆದುಕೊಂಡರೂ ನಳಿಕೆ ಮಾತ್ರ ದಿನಾ ಕೆಂಪಾಗುತ್ತಿತ್ತು. ಅವಳು ತಿನ್ನುತ್ತಿದ್ದದ್ದು ಜೋಳದ ರೊಟ್ಟಿ, ಪಲ್ಯ, ಬಟ್ಟಲು ಸಾರು. ಚಹಾಕ್ಕೂ ಸಕ್ಕರೆ ಇಲ್ಲ. ಹಾಗಿದ್ದರೆ ಆ ಸಿಹಿ ಎಲ್ಲಿಂದ ಬರುತ್ತಿತ್ತು? ತನ್ನ ಮೈಯೇ ಅದನ್ನು ಹುಟ್ಟಿಸುತ್ತಿದೆ, ಒಳಗಿನ ಜೀವವನ್ನು ತಾನೇ ಮುಳುಗಿಸುತ್ತಿದ್ದೇನೆ ಅನಿಸತೊಡಗಿತು. ಆ ಉಂಡಿ ತಿಂದಿದ್ದರೆ ತುಂಗಕ್ಕನಾದರೂ ಉಳಿಯುತ್ತಿದ್ದಳು.

ನಾಳೆಯಿಂದ ಕುದಿಸುವುದಿಲ್ಲ ಎಂದುಕೊಂಡು ಒಂದು ಸಂಜೆ ದೀಪವನ್ನು ಹುಲ್ಲಿನ ಹಿಂದೆ ಸರಿಸಿಟ್ಟಳು.

ಮರುದಿನ ಏಕಾದಶಿ. ವೆಂಕೂಬಾಯಿಗೆ ಹನಿ ನೀರೂ ಇಲ್ಲದ ಉಪವಾಸ. ಒಲೆ ಹೊತ್ತಲಿಲ್ಲ. ಬಸುರಿಯೆಂದು ಭಾಗೀರಥಿಗೆ ಮಾತ್ರ ತಂಗಳು ರೊಟ್ಟಿ, ಮೊಸರು. ಬೇರೆ ಏಕಾದಶಿಗಳಲ್ಲಿ ಹಿಂದಿನ ದಿನದ ಸಾರಾದರೂ ಉಳಿದಿರುತ್ತಿತ್ತು, ಈ ಸಲ ಅದೂ ಇರಲಿಲ್ಲ. ಸಂಜೆ ಹಸುವಿಗೆ ನೀರಿಡಲು ಹೋದಾಗ ಕೂಸು ಒದೆಯಿತು, ಪಕ್ಕೆಯ ಕೆಳಗೆ, ಗಟ್ಟಿಯಾಗಿ. ಅವಳು ಸ್ವಲ್ಪ ಹೊತ್ತು ಅಲ್ಲಿಯೇ ಕೈಯಿಟ್ಟು ನಿಂತಳು. ಆಮೇಲೆ ಹುಲ್ಲಿನ ಹಿಂದಿನ ದೀಪವನ್ನು ತೆಗೆದಳು.

ನೀಲಿ ಕುದಿಯಿತು. ತುಸು ಹಸಿರು ಬೆರೆಯಿತು. ಅಷ್ಟಕ್ಕೇ ನಿಂತಿತು. ಬೆಳಕಿಗೆ ಹಿಡಿದು ನೋಡಿದಳು. ಮತ್ತೆ ಕುದಿಸಿದಳು. ಅದೇ ಬಣ್ಣ.

"ಯಾಕ ಅಳಾಕತ್ತೀ?"

ಬಾಗಿಲಲ್ಲಿ ವೆಂಕೂಬಾಯಿ. ಹಸುವಿಗೆ ಏಕಾದಶಿಯ ಪ್ರದಕ್ಷಿಣೆ ಹಾಕಲು ಬಂದವರು, ನಳಿಕೆ ಕಂಡು ಹೊಸ್ತಿಲಾಚೆಯೇ ನಿಂತಿದ್ದರು.

"ಇವತ್ತ ಸಕ್ಕರಿ ಕಡಿಮಿ ಆಗ್ಯದ ಅತ್ತ್ಯಾ. ಯಾಕಂತ ತಿಳೀವಲ್ದು. ನಿನ್ನಿನೂ ಸಿಹಿ ತಿಂದಿಲ್ಲ, ಇವತ್ತೂ ತಿಂದಿಲ್ಲ."

ವೆಂಕೂಬಾಯಿ ನಳಿಕೆಯನ್ನೇ ನೋಡಿದರು. ಹಸು ಬಾಲ ಬೀಸಿತು.

"ಇವತ್ತ ನಾ ಅಡಿಗಿ ಮಾಡಿಲ್ಲ," ಎಂದರು.

"ಹೌದ್ರಿ."

"ಸಾರಿಗೆ ಬೆಲ್ಲ ಹಾಕ್ತೀನಿ ನಾನು."

ಭಾಗೀರಥಿ ತಲೆಯೆತ್ತಿದಳು.

"ಪಲ್ಯಾಕ್ಕೂ ಹಾಕ್ತೀನಿ. ಗೊಜ್ಜಿಗೂ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆ ಮನೆಯಲ್ಲಿ, ಆ ಓಣಿಯ ಎಲ್ಲ ಮನೆಗಳಲ್ಲಿ, ಸಾರಿಗೆ ಬೆಲ್ಲವೆಂದರೆ ಉಪ್ಪು ಹಾಕಿದ ಹಾಗೆ. ಅದನ್ನು ಯಾರೂ ಸಿಹಿ ಎಂದು ಕರೆಯುತ್ತಿರಲಿಲ್ಲ. "ಸಿಹಿ ತಿಂತೀ ಏನು?" ಎಂದು ಡಾಕ್ಟರಮ್ಮ ಕೇಳಿದಾಗ ಭಾಗೀರಥಿ ಇಲ್ಲ ಎಂದಿದ್ದಳು. ಸುಳ್ಳೆಂದು ಅವಳಿಗೇ ಗೊತ್ತಿರಲಿಲ್ಲ.

"ಮದಲಿನ ಎರಡಕ್ಕೂ..." ಎಂದು ಶುರುಮಾಡಿದ ವೆಂಕೂಬಾಯಿ ಅರ್ಧಕ್ಕೆ ನಿಲ್ಲಿಸಿ ಒಳಗೆ ಹೋದರು. ಹಸುವಿಗೆ ಆ ಸಂಜೆ ಪ್ರದಕ್ಷಿಣೆ ನಡೆಯಲಿಲ್ಲ.

ದ್ವಾದಶಿಯ ಬೆಳಿಗ್ಗೆ ಪಾರಣೆಗೆ ಕೂತಾಗ ಸಾರು ಬರೀ ಹುಳಿ, ಬರೀ ಖಾರ. ಭಾಗೀರಥಿ ಮುಖ ಕಿವಿಚಿದಳು.

"ಹೆಂಗದ?"

"ನಿಮಗ ಬ್ಯಾರೆ ಮಾಡ್ಕೋರಿ ಅತ್ತ್ಯಾ. ಉಪಾಸ ಇದ್ದೋರು ನೀವು."

"ಇಬ್ಬರಿಗೆ ಎರಡು ಸಾರು ಯಾಕ?" ವೆಂಕೂಬಾಯಿ ಅದನ್ನೇ ತಮ್ಮ ಎಲೆಗೂ ಬಡಿಸಿಕೊಂಡರು. ದಿನಕ್ಕೊಂದೇ ಊಟ, ಅದರಲ್ಲಿ ಇದ್ದ ಒಂದೇ ರುಚಿ ಆ ಬೆಲ್ಲ. ತಲೆ ತಗ್ಗಿಸಿ ಪೂರ್ತಿ ಉಂಡರು.

ಅಂದಿನಿಂದ ಸಂಜೆಗೊಮ್ಮೆ ಕೊಟ್ಟಿಗೆಯ ಹೊಸ್ತಿಲಾಚೆ ಕೆಂಪು ಸೀರೆಯ ಅಂಚು ಕಾಣಿಸುತ್ತಿತ್ತು. "ಏನು ಬಣ್ಣ?" ಎಂಬ ಒಂದೇ ಮಾತು. ನೀಲಿ ಎಂದರೆ ಹೋಗುತ್ತಿದ್ದರು. ಹಸಿರು ಎಂದರೆ ಸ್ವಲ್ಪ ನಿಂತು ಹೋಗುತ್ತಿದ್ದರು. ಅದಕ್ಕಿಂತ ಹೆಚ್ಚಿನ ಮಾತು ಇಬ್ಬರಿಗೂ ಬರುತ್ತಿರಲಿಲ್ಲ. ಆದರೂ ಚುಚ್ಚಿಕೊಳ್ಳುವಾಗ ಭಾಗೀರಥಿ ಈಗ ಕಣ್ಣು ಮುಚ್ಚುತ್ತಿರಲಿಲ್ಲ.

ಒಂಬತ್ತು ಬಿದ್ದಾಗ ಇಬ್ಬರೂ ರಾಯಚೂರಿನ ಮೋಟಾರು ಹತ್ತಿದರು. ತುಂಗಕ್ಕ ತನ್ನ ಬಾಗಿಲಲ್ಲಿ ನಿಂತು ನೋಡಿದಳು, ಕರೆಯಲಿಲ್ಲ. ಮೋಟಾರಿನಲ್ಲಿ ವೆಂಕೂಬಾಯಿಯ ಮಡಿ ಗಂಟಿನಿಂದ ಗಾಜು ತಾಗಿದ ಸದ್ದು ಬರುತ್ತಿತ್ತು. ಒದ್ದೆ ಮಡಿ ಸೀರೆಯಲ್ಲಿ ಸುತ್ತಿದ ಔಷಧಿಯ ಸೀಸೆ, ನಳಿಕೆ, ದೀಪ. ವೆಂಕೂಬಾಯಿ ಕಿಟಕಿಯಾಚೆಯ ಕರಿಭೂಮಿಯನ್ನೇ ನೋಡುತ್ತ ಕೂತರು.

ಹೆರಿಗೆ ಎರಡು ದಿನ ಹಿಡಿಯಿತು. ಹೆರಿಗೆಯ ಮನೆಯೊಳಗೆ ಯಾರನ್ನೂ ಬಿಡುತ್ತಿರಲಿಲ್ಲ. ನೋವಿನ ನಡುವೆ ಅವಳಿಗೆ ಯಾರ ಮುಖವೂ ನೆನಪಾಗಲಿಲ್ಲ, ಹಸುವಿನದೊಂದನ್ನು ಬಿಟ್ಟು. ಕಡೆಗೆ ಎಲ್ಲ ಸುಮ್ಮನಾಯಿತು. ಆ ಮೌನ ಅವಳಿಗೆ ಗೊತ್ತಿದ್ದದ್ದು. ಎರಡು ಸಲ ಕೇಳಿದ್ದು. ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು.

ಆಮೇಲೆ ಸಣ್ಣ, ಕೋಪದ ಅಳು ಎದ್ದಿತು.

ಹೊರಗೆ ಪಡಸಾಲೆಯ ಕಿಟಕಿಯ ಕಂಬಿ ಹಿಡಿದು ಯಾರೋ ನಿಂತರು. ಬೇರೆ ಹೇಗೆ ಕೇಳಬೇಕೋ ತಿಳಿಯದೆ, ದಿನಾ ಕೇಳುವುದನ್ನೇ ಕೇಳಿದರು.

"ಏನು ಬಣ್ಣ?"

ಭಾಗೀರಥಿ ನರ್ಸಿನ ಕೈಯಲ್ಲಿದ್ದ ಕೂಸನ್ನು ನೋಡಿದಳು. ಮುಷ್ಟಿ ಬಿಗಿದು, ಮುಖ ಹಿಂಡಿಕೊಂಡು ಅದು ಅಳುತ್ತಿತ್ತು.

"ಕೆಂಪು, ಅತ್ತ್ಯಾ," ಎಂದಳು.