ಕಿಶನ್ ಅಳತೆಯ ಕುರ್ಚಿ

ಆಫೀಸು ಮನೆಯ ಹಾಗಿರಬೇಕು, ಮರದ ಸಾಮಾನು ಮೊಮ್ಮಕ್ಕಳ ಕಾಲಕ್ಕೂ ಬಾಳಿಕೆ ಬರಬೇಕು ಎನ್ನುವುದು ನನ್ನ ಗಂಡ ಕಿಶನ್‌ನ ಹಟ. ನಮ್ಮದು ಬೆಲ್ಲದ ವ್ಯಾಪಾರ. ಸುತ್ತಲಿನ ಆಲೆಮನೆಗಳಿಂದ ಕೊಂಡು ಹೊರಗಿನ ಊರುಗಳಿಗೆ ಕಳಿಸುತ್ತೇವೆ. ಪಾಂಡವಪುರದಲ್ಲಿ ಒಂದು ಕೋಣೆ ಹಿಡಿದು, ನೆಲಕ್ಕೆ ರೆಡ್‌ಆಕ್ಸೈಡ್ ಹಾಕಿಸಿ, ಬಂದವರು ಒರಗಿಕೊಳ್ಳಲಿ ಎಂದು ಗೋಡೆಯುದ್ದಕ್ಕೂ ಹೊನ್ನೆ ಮರದ ಬೆಂಚು ಮಾಡಿಸಿದ. ಬಡಗಿ ಮರಿಸ್ವಾಮಿ ಅವನನ್ನೇ ಕೂರಿಸಿ, ಮಂಡಿಯಿಂದ ನೆಲದವರೆಗೆ ಅಳೆದು, ಒಂದು ಕುರ್ಚಿಯನ್ನೂ ಮಾಡಿದ. ಅದರ ಪಾಲಿಶ್ ಒಣಗುವ ಮೊದಲೇ ಕಿಶನ್ ಹೋದ. ಮಾಕವಳ್ಳಿ ಕಡೆಯಿಂದ ಬರುವಾಗ ಬೈಕು ಜಾರಿತು. ಅಷ್ಟೇ.

ನನಗೆ ಅಳು ಬರಲಿಲ್ಲ. ತಿಥಿಯ ದಿನವೂ ಬರಲಿಲ್ಲ. ಅತ್ತವರಿಗೆಲ್ಲ ನಾನೇ ಕಾಫಿ ಕೊಟ್ಟೆ. "ಎಂಥಾ ಕಲ್ಲೆದೆ ನೋಡು" ಎಂದು ಯಾರೋ ಒಬ್ಬಳು ಅಂದದ್ದು ಕಿವಿಗೆ ಬಿತ್ತು. ಇನ್ನೊಂದು ಕಾಲವಾಗಿದ್ದರೆ ಅವಳ ಜನ್ಮ ಜಾಲಾಡಿಬಿಡುತ್ತಿದ್ದೆ. ಆ ಹೊತ್ತು ಸಿಟ್ಟೂ ಬರಲಿಲ್ಲ. ಉಳಿದ ಕೆಲಸ ಮುಗಿಸೋಣ ಎಂದು ಕಿಟಕಿಗೆ ಪರದೆ ಹಾಕಿಸಿದೆ, ಮೂಲೆಗೆ ನೀರಿನ ಮಡಕೆ ಇಟ್ಟೆ, ಆಫೀಸು ತೆರೆದೆ.

ತೆರೆದ ದಿನ ಅತ್ತೆ ಪುಟ್ಟತಾಯಮ್ಮ ಕಿಶನ್‌ನ ಫೋಟೋ ತಂದು ಆ ಕುರ್ಚಿಯ ಮೇಲಿಟ್ಟು ಹಾರ ಹಾಕಿದರು.

"ಅವ್ನ ಜಾಗ ಅದು. ಅವ್ನೇ ಕುಂತ್ಕಳ್ಳಿ ಬುಡು" ಎಂದರು.

ನಾನು ಪಕ್ಕದಲ್ಲಿ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡೆ.

ಆಲೆಮನೆಯವರು ಒಬ್ಬೊಬ್ಬರಾಗಿ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಕುರ್ಚಿಗೆ ಕೈಮುಗಿದು, ಬೆಂಚಿನಲ್ಲಿ ತಲೆ ತಗ್ಗಿಸಿ ಕೂತರು. ಬೆಲ್ಲದ ಮಾತೆತ್ತಿದರೆ "ಅದ್ಯಾಕವ್ವ ಈಗ" ಎಂದು ನುಣುಚಿಕೊಂಡರು. ಅರಕೆರೆಯ ತಮ್ಮಯ್ಯನವರು ಕಿಶನ್‌ಗೆ ಬಿಟ್ಟರೆ ಬೇರೆ ಯಾರಿಗೂ ಬೆಲ್ಲ ಕೊಟ್ಟವರಲ್ಲ. ಅವರೂ ನೀರು ಕುಡಿದು ಸುಮ್ಮನೆ ಎದ್ದು ಹೊರಟರು. ಬಾಗಿಲವರೆಗೆ ಹೋದೆ. ಬರ್ತೀನಿ ಅನ್ನಲಿಲ್ಲ. ಆಗ ನನ್ನ ಮಂಡೆಗೆ ಹೊಳೆಯಿತು. ಸಾವಿನ ಮನೆಯಿಂದ ಹೊರಡುವಾಗ ನಮ್ಮ ಕಡೆ ಯಾರೂ ಹೋಗಿಬರ್ತೀನಿ ಅನ್ನುವುದಿಲ್ಲ. ಬಂದವರಲ್ಲಿ ಒಬ್ಬರೂ ಅಂದಿರಲಿಲ್ಲ. ಮನೆಯಂಥ ಆಫೀಸು ಮಾಡಲು ಹೋಗಿ ಸಾವಿನ ಮನೆ ಮಾಡಿಟ್ಟಿದ್ದೆವು. ಹೀಗೇ ಬಿಟ್ಟರೆ ಒಂದು ಮೂಟೆ ಬೆಲ್ಲವೂ ಬರುವುದಿಲ್ಲ, ಬಾಗಿಲು ಹಾಕಿಕೊಂಡು ಹೋಗುವುದೇ.

ಮರುದಿನ ಫೋಟೋ ತೆಗೆದು ಗೋಡೆಗೆ ಹಾಕಿ, ಕುರ್ಚಿಯಲ್ಲಿ ಕೂತೆ. ಪಾದ ನೆಲಕ್ಕೆ ಎಟುಕಲಿಲ್ಲ. ಅಂಗನವಾಡಿ ಮಗುವಿನ ಹಾಗೆ ಕಾಲು ಜೋತಾಡಿದವು. ಮರಿಸ್ವಾಮಿಯನ್ನು ಕರೆಸಿದೆ.

"ಬ್ಯಾರೆದು ಮಾಡ್ಕೊಡ್ಲಾ ಅಕ್ಕ?"

"ಬ್ಯಾಡ. ಇದುನ್ನೇ ಕುಯ್ಯಿ."

ಅವನು ಗರಗಸ ಇಟ್ಟು ಒಂದು ಸಲ ಎಳೆದಿದ್ದನಷ್ಟೇ, ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಏನ್ಲಾ ಇದು ಮರಿಸ್ವಾಮಿ? ನನ್ ಮಗನ್ ಕಾಲ ಕುಯ್ತಾ ಇದ್ದೀಯಲ್ಲೋ!"

ಮರಿಸ್ವಾಮಿ ಗರಗಸ ಕೆಳಗಿಟ್ಟು ನನ್ನ ಮುಖ ನೋಡಿದ. ನಾನು ಏನೇನೋ ಹೇಳಬಹುದಿತ್ತು. ಬಾಯಿಗೆ ಬಂದದ್ದು ಒಂದೇ.

"ತಮ್ಮಯ್ಯನೋರು ಬತ್ತೀನಿ ಅನ್ಲಿಲ್ಲ ಅತ್ತೆ. ಯಾರೂ ಅನ್ಲಿಲ್ಲ."

ಅತ್ತೆಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಗೋಡೆಯ ಮೇಲಿನ ಫೋಟೋ ನೋಡಿದರು, ಸ್ಟೂಲು ನೋಡಿದರು. ಆಮೇಲೆ ಬೆಂಚಿನ ತುದಿಯಲ್ಲಿ ಕೂತು, ಕುರ್ಚಿಯನ್ನು ತಮ್ಮ ಕಡೆಗೆ ವಾಲಿಸಿ, ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದರು.

"ಅಲ್ಲಾಡ್ತದೆ. ಇಡ್ಕಂಡಿದ್ದೀನಿ, ಕುಯ್ಯಿ" ಎಂದರು.

ಕೊಯ್ದ ತುಂಡುಗಳು ಕೆಂಪು ನೆಲದ ಮೇಲೆ ಬಿದ್ದವು. ಮರಿಸ್ವಾಮಿ ಕುರ್ಚಿಯನ್ನು ನೆಟ್ಟಗೆ ನಿಲ್ಲಿಸಿದ. ನಾನು ಕೂತೆ. ಪಾದ ಪೂರ್ತಿ ನೆಲಕ್ಕೆ ಊರಿತು. ಸಮಾಧಾನ ಆಗುತ್ತದೆ ಅಂದುಕೊಂಡಿದ್ದೆ, ಏನೂ ಆಗಲಿಲ್ಲ.

ಅತ್ತೆ ಬಗ್ಗಿ ಒಂದು ತುಂಡು ಎತ್ತಿಕೊಂಡರು. ಅದರ ಮೇಲೆ ಬೆರಳು ಜೋಡಿಸಿ ಅಳೆದು ನೋಡಿದರು.

"ಅರ್ಪಿತಾ, ನಿಂಗೂ ಅವ್ನಿಗೂ ಇಷ್ಟೇಯಾ ಎಚ್ಚುಕಮ್ಮಿ ಇದ್ದುದ್ದು?"

"ಇಷ್ಟೇ ಅತ್ತೆ."

"ಅವ್ನು ಬಾಳ ಎತ್ತರ ಅನ್ಕಂಡಿದ್ದೆ ಕಣವ್ವ."