ಹಾಳಾದದ್ದೊಂದು ತನ್ನಿ

ಪಂಪ್‌ವೆಲ್ ಸರ್ಕಲ್ಲಿನ ಮುಖೇಶನ ರಿಪೇರಿ ಅಂಗಡಿಯಲ್ಲಿ ನನ್ನ ಮಿಕ್ಸಿ ಅಂಗಾತ ಬಿದ್ದಿತ್ತು. ಹಿಂದಿನ ದಿನವಷ್ಟೇ ನನ್ನ ಗಂಡ ಪಿಯುಸ್ ಅದನ್ನು "ನಾನೇ ಸರಿ ಮಾಡ್ತೇನೆ" ಎಂದು ಹಿತ್ತಿಲ ಶೆಡ್ಡಿಗೆ ಒಯ್ದಿದ್ದರು. ಕಣ್ಣು ಮೋಸ ಮಾಡುತ್ತಿರಬೇಕೆಂದು ಬಗ್ಗಿ ನೋಡಿದೆ. ಗುರುತಿಗೆಂದು ನಾನು ಅಂಟಿಸಿದ ಶಿಲುಬೆಯ ಸ್ಟಿಕ್ಕರ್ ಅಲ್ಲೇ ಇತ್ತು.

ನಾನು ಹೋದದ್ದು ಮುಖೇಶನನ್ನು ಪಾರ್ಟಿಗೆ ಕರೆಯಲು. ಭಾನುವಾರ ಪಿಯುಸ್‌ಗೆ ಎಪ್ಪತ್ತು. ಮಗಳು ಆಂಡ್ರಿಯಾ ಬಲೂನು, ಬಣ್ಣದ ದೀಪ ಎಂದು ಶುರುಮಾಡಿದಾಗ ನಾನು ಗದರಿಸಿದೆ. ಉಳಿ, ಸುತ್ತಿಗೆ, ಸ್ಕ್ರೂಡ್ರೈವರ್ ಬಿಟ್ಟು ಬೇರೆ ಲೋಕವೇ ಇಲ್ಲದ ಮನುಷ್ಯನಿಗೆ ಬಲೂನು ಯಾಕೆ? ಮೂವತ್ತು ಮನೆಗಳಿಗೆ ಆಮಂತ್ರಣ ನಾನೇ ಬರೆದೆ: "ಉಡುಗೊರೆ ಬೇಡ. ಮನೆಯಲ್ಲಿ ಹಾಳಾದದ್ದೊಂದು ತನ್ನಿ. ಪಿಯುಸ್ ಎಲ್ಲರ ಎದುರು ಸರಿ ಮಾಡಿಕೊಡುತ್ತಾರೆ." ಅವರಿಗೆ ಇದರ ಸುಳಿವೂ ಇರಲಿಲ್ಲ. ಇಷ್ಟು ಒಳ್ಳೆಯ ಉಪಾಯ ನನಗಲ್ಲದೆ ಇನ್ಯಾರಿಗೆ ಹೊಳೆಯಬೇಕು ಎಂದು ನಾನು ಬೀಗುತ್ತಿದ್ದೆ.

"ನನ್ನ ಮಿಕ್ಸಿ ಇಲ್ಲಿ ಎಂತ ಮಾಡ್ತಾ ಉಂಟು?" ಎಂದೆ.

ಮುಖೇಶ ಏಳನೇ ಕ್ಲಾಸಿನಲ್ಲಿ ನನ್ನ ವಿದ್ಯಾರ್ಥಿ. ಆಗಲೂ ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ, ಈಗಲೂ ಇಲ್ಲ. "ಟೀಚರ್, ಅಂಕಲಿಗೆ ಕೈ ನಡುಗ್ತದೆ. ಸ್ಕ್ರೂ ಹಿಡಿಲಿಕ್ಕೆ ಆಗುದಿಲ್ಲ. ಎರಡು ವರ್ಷ ಆಯ್ತು."

"ಎರಡು ವರ್ಷ?"

"ಡಾಕ್ಟ್ರಿಗೂ ತೋರಿಸಿದ್ದಾರೆ. ನೀವು ಕೊಟ್ಟದ್ದೆಲ್ಲ ಇಲ್ಲಿಗೇ ತರುದು."

ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತೆ. ಗೆಳತಿ ಎಲೇನಳ ಹೊಲಿಗೆ ಮೆಷಿನ್, ಚರ್ಚಿನ ಸ್ಪೀಕರ್, ಪಕ್ಕದ ಮನೆಯ ಫರ್ಝಾನಾಳ ಟೇಬಲ್ ಫ್ಯಾನ್... "ನಮ್ಮ ಪಿಯುಸ್ ಇರುವಾಗ ಅಂಗಡಿಗೆ ಎಂತಕ್ಕೆ ಕೊಡ್ತೀರಿ?" ಎಂದು ಊರವರ ಸಾಮಾನನ್ನೆಲ್ಲ ಮನೆಗೆ ಹೊತ್ತು ತಂದವಳು ನಾನೇ. ಅವರು ಎರಡು ಕೈಯಲ್ಲಿ ಚಹಾದ ಕಪ್ ಹಿಡಿಯುವುದನ್ನು ದಿನಾ ನೋಡುತ್ತಿದ್ದೆ. ವಯಸ್ಸಾಯಿತಲ್ಲ, ಚಳಿಯಾಗುತ್ತದೆ ಎಂದುಕೊಂಡಿದ್ದೆ. ಇಂಥ ಕುರುಡಿ ನಾನು!

"ನನಗೆ ಯಾಕೆ ಹೇಳ್ಲಿಲ್ಲ ಮಾರಾಯ?"

"ಅಂಕಲ್ ಬೇಡ ಅಂದ್ರು. 'ರಿಪೇರಿಯಾದದ್ದನ್ನು ವಾಪಸ್ ಕೊಡುವಾಗ ನನ್ನ ರೊಸಾಲಿನ್‌ನ ಮುಖ ಅರಳುದು ನೋಡ್ಬೇಕು ನೀನು. ಅದೊಂದು ನಿಲ್ಬಾರ್ದು' ಅಂತ."

ಮನೆಗೆ ಬಂದಾಗ ಪಿಯುಸ್ ಚರ್ಚಿನ ಪೂಜೆಗೆ ಹೋಗಿದ್ದರು. ಧೂಳಿಗೆ ಸೀನು ಬರುತ್ತದೆಂದು ನಾನೆಂದೂ ಕಾಲಿಡದ ಶೆಡ್ಡಿನ ಬಾಗಿಲು ತೆಗೆದೆ. ಉಳಿಗಳಿಗೆ ತುಕ್ಕು ಹಿಡಿದಿತ್ತು. ಮೇಜಿನ ಮೇಲೆ ಡ್ರಿಲ್ ಮೆಷಿನ್, ಅದರ ಪಕ್ಕ ಒಂದು ಹಲಗೆ. ಹಲಗೆ ತುಂಬ ತೂತು, ನೂರಾರು, ಒಂದೂ ನೇರವಾಗಿಲ್ಲ. ದಿನಾ ಸಂಜೆ ಕೇಳುತ್ತಿದ್ದ ಆ ಗುರ್ರೆಂಬ ಸದ್ದು ನನಗೆ ಕೇಳಿಸಲೆಂದೇ ಮಾಡಿದ್ದು! ಅಲ್ಲೇ ನಿಂತು ಅತ್ತುಬಿಟ್ಟೆ.

"ಪಾರ್ಟಿ ಕ್ಯಾನ್ಸಲ್ ಮಾಡುವ ಮಮ್ಮಿ," ಎಂದಳು ಆಂಡ್ರಿಯಾ, ನನ್ನಿಂದ ಎಲ್ಲ ಕೇಳಿದ ಮೇಲೆ.

"ಮಾಡಿದ್ರೆ ಎಂತಕ್ಕೆ ಅಂತ ಕೇಳ್ತಾರೆ. ಜನರ ಎದುರು ಅವರ ಮಾನ ಹೋಗ್ಲಿಕ್ಕೆ ನಾನು ಬಿಡುದಿಲ್ಲ."

ಶನಿವಾರವಿಡೀ ಫೋನು ಮಾಡಿದೆ. ಹಾಳಾದದ್ದು ಬೇಡ, ಪಿಯುಸ್ ಎಂದೋ ಸರಿ ಮಾಡಿಕೊಟ್ಟದ್ದನ್ನು ತನ್ನಿ, ಸುಮ್ಮನೆ ಮೇಜಿನ ಮೇಲಿಡುವ ಎಂದೆ. ಸುತ್ತಿಗೆಯಾಕಾರದ ಕೇಕಿಗೆ ಹೇಳಿಯಾಗಿತ್ತು. ಅವರ ಕೈಗೆ ಚಾಕು ಹೋಗಬಾರದೆಂದು ಭಾನುವಾರ ಅದನ್ನು ಅಡುಗೆಮನೆಯಲ್ಲೇ ಕತ್ತರಿಸಲು ನಿಂತೆ. ಸುತ್ತಿಗೆಯ ತಲೆ ಮುಗಿದು ಹಿಡಿಗೆ ಬರುವಷ್ಟರಲ್ಲಿ ಕರೆದವರೆಲ್ಲ ಬಂದರು.

"ಎಲ್ಲ ನೀವು ಸರಿ ಮಾಡಿದ್ದು," ಎನ್ನುತ್ತ ಒಬ್ಬೊಬ್ಬರೂ ತಂದದ್ದನ್ನಿಟ್ಟು ಮೇಜು ತುಂಬಿತು. ಪಿಯುಸ್ ಬಲಗೈಯನ್ನು ಪ್ಯಾಂಟಿನ ಜೇಬಿನಲ್ಲಿಟ್ಟು, ಎಡಗೈಯಿಂದ ಒಂದೊಂದನ್ನೇ ಮುಟ್ಟುತ್ತ ಬಂದರು. ಹಳೆಯ ರೇಡಿಯೋ, ಗೋಡೆ ಗಡಿಯಾರ, ಯಾರದೋ ತೊಟ್ಟಿಲು. ಅವರ ಮುಖ ಅರಳಿದ್ದು ಕಂಡು ನಾನು ಉಸಿರುಬಿಟ್ಟೆ. ಗೆದ್ದೆ ಎಂದುಕೊಂಡೆ.

ಹೊಲಿಗೆ ಮೆಷಿನಿನ ಹತ್ತಿರ ಅವರು ನಿಂತರು. ಅದನ್ನು ಎಡಗೈಯಿಂದ ದೂಡಿ ಮೇಜಿನ ತುದಿಗೆ ಸರಿಸಿದರು. ಆಮೇಲೆ ಸ್ಪೀಕರ್. ಆಮೇಲೆ ಫ್ಯಾನ್.

"ಎಂತ ಮಾಡ್ತಿದ್ದೀರಿ?" ಎಂದೆ.

"ಇವು ಮೂರು ನನ್ನ ಕೆಲಸ ಅಲ್ಲ. ಮುಖೇಶಂದು," ಎಂದರು ಎಲ್ಲರಿಗೂ ಕೇಳುವ ಹಾಗೆ. ಜೇಬಿನಿಂದ ಬಲಗೈ ತೆಗೆದು ಎತ್ತಿ ತೋರಿಸಿದರು. ಅದು ಬೆರಳ ತುದಿಯವರೆಗೂ ನಡುಗುತ್ತಿತ್ತು. "ಎರಡು ವರ್ಷದಿಂದ ಹೀಗೆ. ಅವನ ಬೆಸುಗೆ ನೋಡಿ, ನನಗೆ ಯಾವತ್ತೂ ಇಷ್ಟು ನುಣುಪು ಬಂದದ್ದಿಲ್ಲ. ಬೇರೆಯವನ ಕೆಲಸಕ್ಕೆ ನನ್ನ ಹೆಸರು ಬೇಡ."

ಬಾಗಿಲ ಬಳಿ ನಿಂತಿದ್ದ ಮುಖೇಶ ತಲೆ ತಗ್ಗಿಸಿದ. ಯಾವ ಮಾನ ಉಳಿಸಲು ನಾನು ಮೂವತ್ತು ಮನೆಗೆ ಫೋನು ಮಾಡಿದ್ದೆನೋ ಅದನ್ನು ಅವರೇ ಎತ್ತಿ ಮೇಜಿನ ಮೇಲಿಟ್ಟಿದ್ದರು.

ಏನೂ ತೋಚದೆ ಆಂಡ್ರಿಯಾ ಕೇಕಿನ ತಟ್ಟೆ ತಂದಳು. ಪಿಯುಸ್ ತುಂಡುಗಳನ್ನು ನೋಡಿದರು, ಆಮೇಲೆ ನನ್ನನ್ನು.

"ಕತ್ತರಿಸಿ ತಂದದ್ದಾ? ನಿನಗೆ ಯಾವಾಗ ಗೊತ್ತಾಯ್ತು?"

"ಶುಕ್ರವಾರ."

"ಎರಡು ದಿನ ನನ್ನಿಂದ ಮುಚ್ಚಿಟ್ಟಿಯಾ?"

"ನೀವು ಎರಡು ವರ್ಷ!" ಎಂದು ಕಿರುಚಿದೆ. ಯಾರೋ ನಕ್ಕರು. ಅವರೂ ನಕ್ಕರು.

"ಸುತ್ತಿಗೆಯ ಹಿಡಿ ಇನ್ನೂ ಕತ್ತರಿಸ್ಲಿಲ್ಲ ಡ್ಯಾಡಿ," ಎಂದಳು ಆಂಡ್ರಿಯಾ ಮೆಲ್ಲಗೆ.

ಅವರು ಅದನ್ನು ತರಿಸಿ ಚಾಕು ಕೇಳಿದರು. ಅವರ ಕೈ ಹಿಡಿಯಲು ನನ್ನ ಕೈ ತಾನಾಗಿ ಮುಂದೆ ಹೋಯಿತು, ಹಿಂದಕ್ಕೆ ಎಳೆದುಕೊಂಡೆ. ಚಾಕು ಅತ್ತಿತ್ತ ಹೊರಳಿ ಸೊಟ್ಟ ತುಂಡೊಂದನ್ನು ಕತ್ತರಿಸಿತು. ಅದನ್ನು ಬಲಗೈಯಲ್ಲೇ ಎತ್ತಿ ನನ್ನ ಬಾಯಿಗೆ ತಂದರು. ಮೊದಲು ಮೂಗಿಗೆ ತಾಗಿತು, ಆಮೇಲೆ ಗಲ್ಲಕ್ಕೆ. ನಾನು ಬಾಯಿ ತೆರೆದುಕೊಂಡು, ಅದು ಬರುವ ತನಕ ಕಾದು ನಿಂತೆ.