ಐದನೆಯ ನಂಬರು

ಮೂರನೆಯ ಸಲವೂ ಅದೇ ಫಲಿತಾಂಶ ಬಂದಾಗ ಸಂಶೋಧಕಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತಳು. ರೋಗಿಗಳ ರಕ್ತದಲ್ಲಿ ಮಾತ್ರ ಇರಬೇಕಾಗಿದ್ದ ಜೀನ್ ದೋಷ, ಆರೋಗ್ಯವಂತರದೆಂದು ಇಟ್ಟಿದ್ದ ಐದನೆಯ ಸ್ಯಾಂಪಲ್ಲಿನಲ್ಲೂ ಇತ್ತು.

ಆ ಆರೋಗ್ಯವಂತರೇನು ಹೊರಗಿನವರಲ್ಲ. ಹೋಲಿಸಿ ನೋಡಲು ರಕ್ತ ಬೇಕಾದಾಗ, ದಾನಿಗಳನ್ನು ಹುಡುಕುವ ತಾಪತ್ರಯ ಯಾರಿಗೆ ಬೇಕೆಂದು ಅವಳೂ ಸೇರಿದಂತೆ ಲ್ಯಾಬಿನ ಐವರು ವಿದ್ಯಾರ್ಥಿಗಳೇ ತೋಳು ಚಾಚಿದ್ದರು. ಲೆಕ್ಕ ತುಂಬಲೆಂದು ಟೆಕ್ನೀಶಿಯನ್ ಅಕ್ಕನೂ ಕೊಟ್ಟಿದ್ದರು. "ಪಿಎಚ್‌ಡಿ ಮಾಡೋರನ್ನ ಆರೋಗ್ಯವಂತರು ಅಂತ ಯಾರ್ರೀ ಒಪ್ತಾರೆ?" ಎಂದು ಎಲ್ಲರೂ ನಕ್ಕಿದ್ದೇ ನಕ್ಕಿದ್ದು. ಹೆಸರಿಲ್ಲ, ಬರೀ ನಂಬರು. ಯಾವ ನಂಬರು ಯಾರದೆಂಬ ಪುಸ್ತಕ ಅಕ್ಕನ ಬೀರುವಿನಲ್ಲಿತ್ತು. ಏನಾದರೂ ಕಂಡರೆ ತಿಳಿಸಬೇಕೇ ಎಂಬ ಪ್ರಶ್ನೆಗೆ ಆರೂ ಜನ 'ಬೇಡ' ಎಂದು ಗೀಚಿ ಕೊಟ್ಟಿದ್ದರು.

ಗೈಡ್ ಫೋನಿನಲ್ಲಿ, "ಅದೊಂದನ್ನ ಬಿಟ್ಬಿಡಮ್ಮ, ಬೇರೆ ತಗೊಂಡ್ರಾಯ್ತು," ಎಂದು ಕೈತೊಳೆದುಕೊಂಡರು. ಅವಳಿಗೆ ಬಿಡಲಾಗಬೇಕಲ್ಲ! ಈ ರೋಗದಲ್ಲಿ ಸ್ನಾಯುಗಳನ್ನು ಆಡಿಸುವ ನರಕೋಶಗಳು ಒಂದೊಂದಾಗಿ ಸಾಯುವುದನ್ನು ನಾಲ್ಕು ವರ್ಷಗಳಿಂದ ನೋಡುತ್ತಿದ್ದವಳು. ದೋಷವಿದ್ದವರಿಗೆಲ್ಲ ರೋಗ ಬಂದೇ ಬರುತ್ತದೆಂದಿಲ್ಲ ಎಂದು ತಾನೇ ಬರೆದಿದ್ದ ವಾಕ್ಯ ಈಗ ಚೂರೂ ಧೈರ್ಯ ಕೊಡಲಿಲ್ಲ. ಬೆಳಗ್ಗೆ ಕೈಯಿಂದ ಜಾರಿದ ಪೆನ್ನು, ಮೆಟ್ಟಿಲ ಮೇಲೆ ಎಡವಿದ್ದು, ಎಲ್ಲಕ್ಕೂ ಒಂದೊಂದು ಅರ್ಥ ಹೊಳೆಯತೊಡಗಿತು.

ಊಟದ ಹೊತ್ತಿಗೆ ಲ್ಯಾಬು ಖಾಲಿಯಾದಾಗ ಅಕ್ಕನ ಮುಂದೆ ಹೋಗಿ ನಿಂತಳು. "ಅಕ್ಕಾ, ಐದನೇದ್ರಲ್ಲಿ ದೋಷ ಇದೆ. ಅದು ನಂದಾ? ಅಷ್ಟು ಹೇಳಿ ಸಾಕು."

"ಬೇಡ ಅಂತ ಬರ್ಕೊಟ್ಟಿದ್ದೀಯಲ್ಲೇ. ಪುಸ್ತಕ ತೆಗೆದ್ರೆ ನನ್ನ ಕೆಲಸಕ್ಕೇ ಕುತ್ತು."

"ತೆಗೀದಿದ್ರೆ ನನಗೆ ಹುಚ್ಚೇ ಹಿಡಿಯುತ್ತೆ ಅಕ್ಕಾ."

ಅವಳ ಮುಖ ನೋಡಿ ಅಕ್ಕನ ಮನಸ್ಸು ಕರಗಿತು. ಗೊಣಗುತ್ತಲೇ ಬೀರು ತೆರೆದು, ಕನ್ನಡಕ ಏರಿಸಿಕೊಂಡು, ಪುಟದ ಮೇಲೆ ಬೆರಳಿಟ್ಟು ಕೆಳಗಿಳಿಸುತ್ತ ಹೋದರು. ಬೆರಳು ಒಂದು ಕಡೆ ನಿಂತಿತು.

"ನಿಂದಲ್ಲ ಕಣೇ. ನಿಂದು ಎರಡು."

ಹೋದ ಜೀವ ಬಂದಂತಾಯಿತು. ಅಳುತ್ತ, ನಗುತ್ತ ಅಕ್ಕನನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಅಮ್ಮನಿಗೆ ಫೋನ್ ಮಾಡಬೇಕು, ಹೊಟ್ಟೆತುಂಬ ಉಣ್ಣಬೇಕು ಅನ್ನಿಸಿತು. ಅಕ್ಕನ ತೋಳುಗಳು ತನ್ನನ್ನು ಬಳಸಿಲ್ಲವೆಂಬುದು ಗಮನಕ್ಕೆ ಬಂದದ್ದು ಸ್ವಲ್ಪ ಹೊತ್ತಾದ ಮೇಲೆ.

"ಒಂದು ಕೇಳ್ಲಾ?" ಅಕ್ಕ ಪುಸ್ತಕವನ್ನು ಮೆಲ್ಲಗೆ ಮುಚ್ಚಿದರು. "ಇದು ಬಂದ್ರೆ ಮೊದಲು ಹೋಗೋದು ಕೈಯಾ, ಕಾಲಾ?"

ಅದರ ಮೇಲೆ ಒಂದು ಇಡೀ ಅಧ್ಯಾಯ ಬರೆದಿದ್ದವಳು ಅಕ್ಕನ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕುಳಿತಳು. ಅಕ್ಕ ಉತ್ತರಕ್ಕೆ ಕಾಯುತ್ತ, ಬಲಗೈಯ ಬೆರಳುಗಳನ್ನು ಒಂದೊಂದಾಗಿ ಮಡಚಿ, ಮತ್ತೆ ಒಂದೊಂದಾಗಿ ಬಿಡಿಸಿ ನೋಡಿಕೊಳ್ಳುತ್ತಿದ್ದರು.